ಹುಳುಮನೆಯಲ್ಲಿ ಅಮ್ಮನ ಫ್ರೆಂಚ್

ಅಮ್ಮನಿಗೆ ಲಕ್ವ ಹೊಡೆದದ್ದು ಮತ್ತು ಅಣ್ಣ ನಮ್ಮ ಹುಳುಮನೆಗೆ ವಿಡಿಯೋ ಗೇಮ್ ಮೆಷಿನ್ ತಂದು ನಿಲ್ಲಿಸಿದ್ದು ಒಂದೇ ವರ್ಷ. ಎರಡಕ್ಕೂ ಸಂಬಂಧವಿಲ್ಲ. ಆದರೂ ನನ್ನ ತಲೆಯಲ್ಲಿ ಒಂದನ್ನು ಬಿಟ್ಟು ಇನ್ನೊಂದು ನೆನಪಾಗುವುದಿಲ್ಲ. ಈಗಲೂ ಬಸ್ಸಿನಲ್ಲಿ ಪಕ್ಕದ ಸೀಟಿನ ಮಗು ಫೋನಿನಲ್ಲಿ ಗುದ್ದಾಟದ ಆಟ ಆಡುತ್ತಿದ್ದರೆ ನಾನು ಎದ್ದು ಬೇರೆ ಸೀಟಿಗೆ ಹೋಗುತ್ತೇನೆ. ಮಗುವಿನ ತಾಯಿ ನನ್ನನ್ನು ಸಿಡುಕಿ ಅಂದುಕೊಳ್ಳುತ್ತಾಳೆ. ಅಂದುಕೊಳ್ಳಲಿ, ಅದು ಸುಳ್ಳೇನೂ ಅಲ್ಲ.

ನಮ್ಮದು ಶಿಡ್ಲಘಟ್ಟದ ಅಂಚಿನ ಮನೆ. ಹಿತ್ತಿಲಿನಲ್ಲಿ ಉದ್ದನೆಯ ಹುಳುಮನೆ, ಅಂದರೆ ರೇಷ್ಮೆಹುಳು ಸಾಕಲೆಂದೇ ಕಟ್ಟಿದ ಒಂದು ದೊಡ್ಡ ಕೋಣೆ. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣದ ಕಾಟದಿಂದ ಎರಡು ಬೆಳೆ ಕೈಕೊಟ್ಟ ಮೇಲೆ ಅಪ್ಪ ಹುಳು ಸಾಕುವುದನ್ನು ನಿಲ್ಲಿಸಿ ಹಿಪ್ಪುನೇರಳೆ ಸೊಪ್ಪನ್ನು ಬೇರೆಯವರಿಗೆ ಕೊಡುತ್ತಿದ್ದರು. ಖಾಲಿ ಬಿದ್ದ ಕೋಣೆಯನ್ನು ಕಂಡರೆ ಅಣ್ಣನಿಗೆ ಕೈ ತುರಿಸುತ್ತಿತ್ತು. ಅವನಿಗೆ ಇಪ್ಪತ್ತನಾಲ್ಕು, ನನಗೆ ಇಪ್ಪತ್ತು. ನಾನು ದಿನಾ ಬಸ್ಸಿನಲ್ಲಿ ಚಿಕ್ಕಬಳ್ಳಾಪುರದ ಕಾಲೇಜಿಗೆ ಬಿ.ಎ. ಓದಲು ಹೋಗುತ್ತಿದ್ದೆ, ಅವನು ಓದು ತಲೆಗೆ ಹತ್ತದೆ ಊರೆಲ್ಲ ಸುತ್ತಿ, ಕಡೆಗೆ ಬೆಂಗಳೂರಿನಿಂದ ಹಳೆಯ ಮೆಷಿನ್ ಒಂದನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಬಂದ. ಬೀರುವಿನಷ್ಟು ಎತ್ತರದ ಮರದ ಪೆಟ್ಟಿಗೆ, ನಡುವೆ ಟಿ.ವಿ. ಪರದೆ, ಕೆಳಗೆ ಎರಡು ಹಿಡಿಕೆ ಮತ್ತು ಬಣ್ಣದ ಗುಂಡಿಗಳು. ನಾಣ್ಯ ಹಾಕಿದರೆ ಎಂಟು ಜನ ಜಟ್ಟಿಗಳಲ್ಲಿ ಒಬ್ಬನನ್ನು ಆರಿಸಿಕೊಂಡು ಉಳಿದವರನ್ನು ಗುದ್ದಬಹುದು. ಯಾವ ದೇಶದವರು ಮಾಡಿದ್ದೋ ಯಾರಿಗೂ ಗೊತ್ತಿರಲಿಲ್ಲ.

"ರೇಷ್ಮೆ ಹುಳ ಹೋಗಿ ಕರೆಂಟ್ ಹುಳ ಬಂತು" ಎಂದು ಅಪ್ಪ ಗೊಣಗಿದರು. ಆದರೆ ತಡೆಯಲಿಲ್ಲ. ಅಣ್ಣ ಹುಳುಮನೆಯ ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿ ಮುಂದಿನ ಅರ್ಧವನ್ನು ಅಂಗಡಿ ಮಾಡಿಕೊಂಡ.

ಆರು ವಾರವೂ ಕಳೆದಿರಲಿಲ್ಲ, ಒಂದು ಬೆಳಗ್ಗೆ ಅಮ್ಮ ಒಲೆಯ ಮುಂದೆ ಕುಸಿದಳು. ಬಲಗೈ, ಬಲಗಾಲು ಸತ್ತವು. ಬಾಯಿ ಎಡಕ್ಕೆ ಎಳೆದುಕೊಂಡಿತು. ಆಸ್ಪತ್ರೆಯಲ್ಲಿ ಹತ್ತು ದಿನ ಇಟ್ಟುಕೊಂಡು ಜೀವಕ್ಕೆ ಅಪಾಯವಿಲ್ಲ, ಮಾತು ನಿಧಾನಕ್ಕೆ ಬರಬಹುದು, ಬರದೆಯೂ ಇರಬಹುದು ಎಂದು ಹೇಳಿ ಕಳಿಸಿದರು. ಬಂದದ್ದು ಮಾತಲ್ಲ. ನಮ್ಮ ಮನೆಯಲ್ಲಿ ತೆಲುಗು, ಕನ್ನಡ ಎರಡೂ ಬೆರೆಸಿಕೊಂಡೇ ಆಡುತ್ತಿದ್ದೆವು. ಅಮ್ಮನ ಬಾಯಿಂದ ಹೊರಟ ಸದ್ದು ಅದೂ ಅಲ್ಲ, ಇದೂ ಅಲ್ಲ. ಮೂಗಿನಿಂದ ಬರುವ, ಗಂಟಲಲ್ಲಿ ಉಜ್ಜುವ ಸದ್ದು. ಒಂದಿಷ್ಟು ಹೇಳಿ ನಮ್ಮ ಮುಖ ನೋಡುವಳು. ನಮಗೆ ತಿಳಿಯಲಿಲ್ಲವೆಂದು ಗೊತ್ತಾದಾಗ ಕಣ್ಣಲ್ಲಿ ನೀರು ತುಂಬಿಕೊಳ್ಳುವಳು. ನಾನು ಅವಳ ಗಲ್ಲ ಹಿಡಿದು "ನನ್ನ ಹೆಸರು ಹೇಳಮ್ಮ, ಒಂದ್ಸಲ ಹೇಳಮ್ಮ" ಎಂದು ಗೋಗರೆಯುತ್ತಿದ್ದೆ. ಆಗ ನನಗೆ ಬೇಕಾಗಿದ್ದದ್ದು ಅದೊಂದೇ. ಅಮ್ಮ ಮತ್ತೆ ಮಾತಾಡಬೇಕು, ನನ್ನ ಜೊತೆ ಮಾತಾಡಬೇಕು.

ನೋಡಲು ಬಂದ ಹೆಂಗಸರು ಹೊರಗೆ ಹೋಗಿ "ಗಾಳಿ ಸೋಕಿದೆ, ಅದೇ ಒಳಗಿಂದ ಮಾತಾಡ್ತೈತೆ" ಎಂದರು. ಅಪ್ಪನಿಗೆ ಆ ಮಾತು ಕಿವಿಗೆ ಬಿದ್ದು ಹೆದರಿಕೆಯಾಯಿತು. ಚಿಂತಾಮಣಿ ಕಡೆಯ ಹಳ್ಳಿಯೊಂದರಿಂದ ಲಕ್ವಕ್ಕೆ ನಾಟಿ ಔಷಧಿ ಕೊಡುವ ಮುದುಕರನ್ನು ಕರೆತಂದರು. ಮುದುಕರು ಪಾರಿವಾಳದ ರಕ್ತ ಬೆರೆಸಿದ ಎಣ್ಣೆಯನ್ನು ಕೈಕಾಲಿಗೆ ಉಜ್ಜಿ, ಪಥ್ಯ ಹೇಳಿದರು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಗಾಳಿ ತಾಕಬಾರದು. ಬಿಸಿಲು, ಬೆಳಕು ಬೀಳಬಾರದು. ತಣ್ಣೀರು ಮುಟ್ಟಬಾರದು. ಊಟಕ್ಕೆ ಉಪ್ಪಿಲ್ಲ.

ಗಾಳಿ, ಬೆಳಕು ಎರಡೂ ಇಲ್ಲದ ಜಾಗ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ. ಹುಳುಮನೆಯ ಹಿಂದಿನ ಅರ್ಧಕ್ಕೆ ಅಮ್ಮನ ಮಂಚ ಹೋಯಿತು. ಅಲ್ಲಿದ್ದ ಒಂದೇ ಕಿಟಕಿಯ ಬಾಗಿಲಿಗೆ ಅಣ್ಣ ಮೊಳೆ ಹೊಡೆದು, ಅದರ ಮೇಲೆ ಗೋಣಿತಾಟು ಬಿಗಿದ. ಒಂದು ಜೀರೋ ಬಲ್ಬು ಮಾತ್ರ ಉರಿಯುತ್ತಿತ್ತು.

ನನಗೆ ಮನಸ್ಸು ಒಪ್ಪದೆ "ಉಸಿರು ಕಟ್ಟಲ್ವಾ ಅಪ್ಪ?" ಎಂದು ಕೇಳಿದೆ.

ಅಪ್ಪ ಕೋಪ ಮಾಡಿಕೊಳ್ಳಲಿಲ್ಲ. ಹಳೆಯ ಪಾಠ ಒಪ್ಪಿಸುವಂತೆ ಹೇಳಿದರು. "ಹುಳ ಜ್ವರಕ್ಕೆ ಕೂತಾಗ ಏನ್ಮಾಡ್ತೀವಮ್ಮ? ಮುಟ್ತೀವಾ? ಬಾಗ್ಲು ತೆಗೀತೀವಾ? ಸೊಪ್ಪು ಹಾಕ್ತೀವಾ? ಸುಮ್ನೆ ಬಿಟ್ರೆ ತಾನೇ ಪೊರೆ ಕಳ್ಚಿ ಎದ್ದು ತಿನ್ನುತ್ತೆ. ನಿಮ್ಮಮ್ಮನೂ ಜ್ವರಕ್ಕೆ ಕೂತವ್ಳೆ ಅನ್ಕೋ. ಏಳ್ತಾಳೆ."

ಹುಳು ಸಾಕಿ ಗೊತ್ತಿಲ್ಲದವರಿಗೆ ಈ ಮಾತು ಹುಚ್ಚಿನಂತೆ ಕಾಣಬಹುದು. ನಮಗೆ ಹಾಗಲ್ಲ. ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ತಿನ್ನುವುದು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತೇವೆ. ಆಗ ನಾವು ಮಕ್ಕಳು ಹುಳುಮನೆಯ ಹತ್ತಿರ ಜೋರಾಗಿ ಕೆಮ್ಮಿದರೂ ಏಟು ಬೀಳುತ್ತಿತ್ತು. ಕತ್ತಲಲ್ಲಿ ಸುಮ್ಮನೆ ಬಿಟ್ಟರೆ ಜೀವ ತಾನೇ ಏಳುತ್ತದೆ ಅನ್ನುವುದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ, ಕಣ್ಣಾರೆ ಕಂಡದ್ದು. ಅದಕ್ಕೇ ನಾನೂ ಬಾಯಿ ಮುಚ್ಚಿದೆ. ಅಪ್ಪನನ್ನು ಮಾತ್ರ ದೂರಿ ಏನು ಪ್ರಯೋಜನ?

ಹಲಗೆಯ ಆ ಕಡೆ ಅಣ್ಣನ ಅಂಗಡಿ ಎಂದಿನಂತೆ ನಡೆಯಿತು. ಮುದುಕರು ಗಾಳಿ, ಬೆಳಕು ಬೇಡ ಅಂದಿದ್ದರೇ ಹೊರತು ಸದ್ದು ಬೇಡ ಅಂದಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಗುದ್ದು, ಕಿರುಚು, ಡಿಶುಂ. ಅಮ್ಮ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಾ ಮಲಗಿರುತ್ತಿದ್ದಳು.

ಪಥ್ಯದ ಎರಡನೆಯ ವಾರದಲ್ಲಿ ಅಣ್ಣ ಒಂದು ಡ್ರಾಯಿಂಗ್ ಶೀಟ್ ತಂದು ನನ್ನ ಮುಂದೆ ಹಾಕಿದ. "ನಿನ್ ಕೈಬರಹ ಚೆನ್ನಾಗೈತಲ್ಲ, ಎಂಟು ಜನದ ಹೆಸ್ರೂ ಕನ್ನಡದಲ್ಲಿ ಬರ್ಕೊಡು ತಾಯಿ. ಹುಡುಗ್ರಿಗೆ ಇಂಗ್ಲಿಷ್ ಓದಕ್ಕಾಗಲ್ಲ, 'ಆ ಬೋಳ', 'ಆ ಗಡ್ಡ' ಅಂತ ಜಗಳ ಆಡ್ತಾರೆ." ಯಾರೂ ಆಡದಿದ್ದಾಗ ಮೆಷಿನ್ ತಾನೇ ಆಡಿಕೊಂಡು ಒಬ್ಬೊಬ್ಬನ ಹೆಸರನ್ನೂ ತೋರಿಸುತ್ತಿತ್ತು. ಬೆಳಗ್ಗೆ ಅಂಗಡಿ ಗುಡಿಸುವಾಗ ಅವನ್ನು ಬರೆದುಕೊಂಡು, ಅಮ್ಮನಿಗೆ ಗಂಜಿ ಕುಡಿಸಿ, ಅವಳ ಮಂಚದ ಕಾಲ ಬಳಿ ಕೂತು, ಹೆಸರುಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ದಪ್ಪ ಅಕ್ಷರದಲ್ಲಿ ಬರೆಯತೊಡಗಿದೆ. ಟೆಂಕಾ. ಬೋಲ್ಕೋ. ಮಾರ್ಟೋ.

ಮಾರ್ಟೋ ಅಂದದ್ದೇ ತಡ, ಮಂಚದ ಪಟ್ಟಿಯ ಮೇಲೆ ಟಕ್ ಟಕ್ ಎಂದು ಸದ್ದಾಯಿತು. ಅಮ್ಮ ಎಡಗೈ ಮುಷ್ಟಿ ಮಾಡಿ ಕುಟ್ಟುತ್ತಿದ್ದಳು. "ಮಾರ್ತೋ" ಎಂದಳು, ಸ್ಪಷ್ಟವಾಗಿ. ಮತ್ತೆ ಕುಟ್ಟಿದಳು.

ಆ ಪರದೆಯ ಮೇಲಿನ ಮಾರ್ಟೋ ಎತ್ತಿನ ತಲೆಯಷ್ಟು ದಪ್ಪ ಸುತ್ತಿಗೆ ಹಿಡಿದು ಹೊಡೆಯುವವನು. ಅಮ್ಮ ಆ ಮೆಷಿನ್ನಿನ ಮುಂದೆ ಒಂದು ದಿನವೂ ನಿಂತವಳಲ್ಲ. ಅವನ ಕೈಯಲ್ಲಿ ಸುತ್ತಿಗೆ ಇದೆಯೆಂದು ಇವಳಿಗೆ ಹೇಗೆ ಗೊತ್ತು? ಒಂದು ಕ್ಷಣ ನೆರೆಯ ಹೆಂಗಸರು ಹೇಳಿದ್ದೇ ನಿಜವಿರಬೇಕೆಂದು ಹೆದರಿ ಬಾಗಿಲವರೆಗೂ ಓಡಿದೆ.

ಬಾಗಿಲಲ್ಲಿ ನಿಂತಾಗ ಹೊಳೆಯಿತು. ಅಮ್ಮ ಯಾನಂ ಊರಿನವಳು. ಗೋದಾವರಿಯ ದಡದ ಆ ಊರು ಆಂಧ್ರದ ನಡುವೆ ಇದ್ದರೂ ಅವಳು ಹುಡುಗಿಯಾಗಿದ್ದಾಗ ಫ್ರೆಂಚರ ಕೈಯಲ್ಲಿತ್ತು. ಅಪ್ಪನ ತಂದೆ ಇಲ್ಲಿಂದ ಆ ಕಡೆಯ ನೇಕಾರರಿಗೆ ರೇಷ್ಮೆ ನೂಲು ಹಾಕುತ್ತಿದ್ದರು. ಆ ವ್ಯಾಪಾರದಲ್ಲೇ ಕುದುರಿದ್ದು ಅಪ್ಪ ಅಮ್ಮನ ಸಂಬಂಧ. ಬಿಳಿ ಬಟ್ಟೆಯ ಸಿಸ್ಟರುಗಳ ಶಾಲೆಯಲ್ಲಿ ಓದಿದೆ ಅನ್ನುತ್ತಿದ್ದಳು ಅಮ್ಮ. ಅವಳು ಫ್ರೆಂಚ್ ಆಡಿದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಮೂವತ್ತೈದು ವರ್ಷ ನಮ್ಮ ಹಿತ್ತಿಲಲ್ಲಿ ಸೊಪ್ಪು ಹೆಚ್ಚಿದವಳಿಗೆ ಅದು ಏಕೆ ಬೇಕಿತ್ತು?

ಮಾರನೆಯ ದಿನ ಕಾಲೇಜಿನ ಲೈಬ್ರರಿಯಲ್ಲಿ ಹುಡುಕಿದೆ. ಯಾರೋ ಯಾವ ಕಾಲಕ್ಕೋ ದಾನ ಕೊಟ್ಟ ಒಂದು ಸಣ್ಣ ಫ್ರೆಂಚ್ ನಿಘಂಟು, ಬೆನ್ನು ಹರಿದದ್ದು, ಧೂಳು ತಿನ್ನುತ್ತಾ ಬಿದ್ದಿತ್ತು. ಅರ್ಧ ಫ್ರೆಂಚಿನಿಂದ ಇಂಗ್ಲಿಷಿಗೆ, ಅರ್ಧ ಇಂಗ್ಲಿಷಿನಿಂದ ಫ್ರೆಂಚಿಗೆ. ಸುತ್ತಿಗೆಯ ಇಂಗ್ಲಿಷ್ ಪದ ಹಿಡಿದು ನೋಡಿದೆ. ಫ್ರೆಂಚಿನಲ್ಲಿ ಅದು ಮಾರ್ತೋ. ಪುಸ್ತಕ ಹೊರಗೆ ಕೊಡುವುದಿಲ್ಲ ಅಂದರು. ಕದ್ದೆ. ದುಪಟ್ಟಾದ ಕೆಳಗೆ ಇಟ್ಟುಕೊಂಡು ಬಸ್ ಹತ್ತಿದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆಯಾಗುವ ವಿಷಯ ಬೇರೆಯೇ ಇದೆ.

ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರೆ. ನನಗೆ ಆ ಎಂಟು ಹೆಸರುಗಳೇ ಹುಲ್ಲುಕಡ್ಡಿ. ಅಂದಿನಿಂದ ಬೆಳಗ್ಗೆ ಸಂಜೆ ಅಮ್ಮನ ಮುಂದೆ ಕೂತು ಒಂದೊಂದೇ ಹೆಸರು ಹೇಳುತ್ತಿದ್ದೆ. ಕೋರ್ಬೋ ಅಂದರೆ ಅವಳು ಎಡಗೈಯನ್ನು ರೆಕ್ಕೆಯಂತೆ ಬಡಿದು ಕಾಗೆಯ ಹಾಗೆ ಕೂಗಿದಳು. ನಿಘಂಟಿನಲ್ಲಿ ಕಾಗೆಗೆ ಅದೇ ಪದ ಇತ್ತು, ಆ ಜಟ್ಟಿಯೂ ಕಪ್ಪು ಗರಿಯ ಅಂಗಿ ತೊಟ್ಟವನು. ಗಿವ್ರಾ ಅಂದಾಗ ತಲೆಯಾಡಿಸಿ "ಝೀವ್ರ್" ಎಂದು ತಿದ್ದಿ ಮೈ ನಡುಗಿಸಿದಳು: ಇಬ್ಬನಿ ಹೆಪ್ಪುಗಟ್ಟುವ ಚಳಿ. ಗಿವ್ರಾ ಬಾಯಿಂದ ಐಸ್ ಉಗುಳುವವಳು. ಒರಾಜ್ ಅಂದರೆ ಗುಡುಗುಮಳೆ. ರೂಜೋ ಅಂದಾಗ ಹಣೆಯ ಮೇಲೆ ಬೆರಳಾಡಿಸಿ ಕಳ್ಳನಗೆ ನಕ್ಕಳು. ಕುಯುಕ್ತಿಗೆ ಫ್ರೆಂಚಿನಲ್ಲಿ ಹೆಚ್ಚುಕಡಿಮೆ ಅದೇ ಪದ. ವಾರೆಯಾದ ಆ ಬಾಯಿಯ ನಗು ಕಂಡು ನಾನು ಅತ್ತೇಬಿಟ್ಟೆ.

ಎಲ್ಲವೂ ಕೂಡಿಬರಲಿಲ್ಲ ಅನ್ನುವುದನ್ನೂ ಹೇಳಬೇಕು. ಗ್ರೀಫಾ ಅಂದರೆ ಅವಳು ಬೆರಳು ಬಾಗಿಸಿ ಪರಚಿ ತೋರಿಸಿದಳು. ಉಗುರಿಗೆ ಹತ್ತಿರದ ಫ್ರೆಂಚ್ ಪದವೇನೋ ಸಿಕ್ಕಿತು, ಆದರೆ ಮೆಷಿನ್ನಿನ ಗ್ರೀಫಾ ಉಗುರೂ ಕಾಣದಂತೆ ಕೈಗವಸು ಹಾಕಿಕೊಂಡ ಡೊಳ್ಳುಹೊಟ್ಟೆಯವನು. ಟೆಂಕಾ, ಬೋಲ್ಕೋ ಅಂದರೆ ಅಮ್ಮ ಸುಮ್ಮನೆ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಹಾಗಾಗಿ ಆ ಹೆಸರಿಟ್ಟವನು ಯಾರೋ, ಅವನಿಗೆ ಫ್ರೆಂಚ್ ಬರುತ್ತಿತ್ತೋ, ಕಿವಿಗೆ ಚೆಂದ ಕೇಳಿದ್ದನ್ನು ಇಟ್ಟನೋ ನನಗೆ ಇವತ್ತಿಗೂ ಗೊತ್ತಿಲ್ಲ. ಫ್ರೆಂಚ್ ಮೂಲ ಇರಬಹುದು, ಅಷ್ಟೇ. ನನಗೆ ಬೇಕಾಗಿದ್ದದ್ದು ಹೆಸರಿನ ಮೂಲವೂ ಅಲ್ಲ. ಹೆಸರು ಹೇಳಿದರೆ ಅಮ್ಮ ಉತ್ತರ ಕೊಡುತ್ತಿದ್ದಳಲ್ಲ, ಅದು.

ಅಪ್ಪನಿಗೆ ಹೇಳಿದೆ. ಅವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡು ಕೈ ಮುಗಿದರು. "ನೋಡ್ದಾ, ಜ್ವರದಿಂದ ಏಳ್ತಾವ್ಳೆ. ಈಗ ಬಾಗ್ಲು ತೆಗೆದ್ರೆ ಎಲ್ಲಾ ಹಾಳು. ಮಂಡಲ ಮುಗೀಲಿ" ಎಂದರು.

ಬಾಗಿಲು ಇನ್ನಷ್ಟು ಭದ್ರವಾಯಿತು.

ಅಣ್ಣ ಕೇಳಿಸಿಕೊಂಡು ಬೇರೆಯದೇ ಮಾಡಿದ. ಮರುದಿನ ಆಡಲು ಬಂದವರಿಗೆಲ್ಲ ನಮ್ಮಮ್ಮನಿಗೆ ಈ ಹೆಸರುಗಳ ಅರ್ಥ ಬರುತ್ತದೆ ಎಂದು ಹೇಳಿಕೊಂಡ. ಹಲಗೆಯ ಆ ಕಡೆಯಿಂದ ಯಾರೋ "ಅಜ್ಜೀ, ಕೋರ್ಬೋ!" ಎಂದು ಕೂಗಿದರು. ಈ ಕಡೆ ಅಮ್ಮ ಕಾಗೆಯ ಹಾಗೆ ಕೂಗಿದಳು. ಆ ಕಡೆ ನಗುವೋ ನಗು. ಮತ್ತೆ ಕೂಗಿದರು, ಮತ್ತೆ ಉತ್ತರ. ನಾನು ಅಲ್ಲೇ ಮಂಚದ ಪಕ್ಕದಲ್ಲಿದ್ದೆ. ತಡೆಯಬೇಕಿತ್ತು. ತಡೆಯಲಿಲ್ಲ, ಏಕೆಂದರೆ ನನಗೆ ಹೆಮ್ಮೆಯಾಗಿತ್ತು. ನಮ್ಮಮ್ಮನಿಗೆ ಬುದ್ಧಿ ಇದೆ, ಗಾಳಿ ಸೋಕಿಲ್ಲ ಎಂದು ಊರಿಗೆಲ್ಲ ತಿಳಿಯಲಿ ಅನ್ನಿಸಿತ್ತು. ಪ್ರತಿ ಉತ್ತರವಾದ ಮೇಲೂ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು "ಜಾಣೆ ಕಣಮ್ಮ ನೀನು" ಎಂದು ಅವಳ ತಲೆ ಸವರುತ್ತಿದ್ದೆ.

ನಾಲ್ಕನೆಯ ವಾರದ ಕೊನೆಗೆ ಹೊಸ ಪದವೊಂದು ಬಂತು. ನಾನು ಏನೂ ಕೇಳಿರಲಿಲ್ಲ. ಗಂಜಿಯ ಲೋಟ ಇಳಿಸುತ್ತಿದ್ದಾಗ ಅವಳೇ ಮೆಲ್ಲಗೆ "ಉವ್ರೇ" ಎಂದಳು. ಎಡಗೈ ಎತ್ತಿ ಹಲಗೆ ಇದ್ದ ಕಡೆಗೆ ತೋರಿಸಿದಳು.

ನಾನು ಕುಣಿದಾಡಿದೆ. ಮೊದಲ ಸಲ ಅವಳೇ ತಾನಾಗಿ ಒಂದು ಮಾತಾಡಿದ್ದಳು! ನಿಘಂಟು ತೆಗೆದು ಯು ಅಕ್ಷರದ ಪುಟಗಳನ್ನೆಲ್ಲ ಸಾಲು ಸಾಲಾಗಿ ಬೆರಳಾಡಿಸಿ ನೋಡಿದೆ. ಇಲ್ಲ. ವಿ ಅಕ್ಷರದಲ್ಲಿ ನೋಡಿದೆ. ಅಲ್ಲೂ ಇಲ್ಲ. ಬೇರೆ ಪದಗಳಿಗಾದರೆ ಪರದೆಯ ಮೇಲೆ ಅಕ್ಷರ ಇರುತ್ತಿತ್ತು, ಅಥವಾ ಅಮ್ಮ ಕೈಯಲ್ಲಿ ಅರ್ಥ ತೋರಿಸುತ್ತಿದ್ದಳು. ಇದಕ್ಕೆ ಎರಡೂ ಇಲ್ಲ. ಬರೀ ಆ ಕಡೆ ಕೈ ತೋರಿಸುವುದು. ಹಲಗೆಯ ಆಚೆ ಇದ್ದದ್ದು ಮೆಷಿನ್. ಇದು ಫ್ರೆಂಚ್ ಅಲ್ಲ, ಆಟದ ಹೆಸರೇ ಇರಬೇಕು, ಅಲ್ಲಿಂದ ಕೇಳಿಸಿಕೊಂಡು ಅರ್ಥ ಗೊತ್ತಾಗದೆ ನನ್ನನ್ನು ಕೇಳುತ್ತಿದ್ದಾಳೆ ಎಂದು ತೀರ್ಮಾನ ಮಾಡಿಬಿಟ್ಟೆ.

ಅಣ್ಣನ ಅಂಗಡಿಗೆ ದಿನಾ ಬರುತ್ತಿದ್ದ ಒಬ್ಬ ರೀಲಿಂಗ್ ಕೆಲಸಗಾರನಿದ್ದ. ಬಿಸಿನೀರಲ್ಲಿ ಗೂಡು ಬಿಚ್ಚಿ ಬಿಚ್ಚಿ ಬೆರಳೆಲ್ಲ ಬೆಳ್ಳಗೆ ಸುಕ್ಕುಗಟ್ಟಿದ್ದರೂ ಆಟದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನಾನು ಅಂಗಡಿಯ ಬಾಗಿಲಲ್ಲಿ ನಿಂತು "ಉವ್ರೇ ಅಂತ ಯಾರಾದ್ರೂ ಅವ್ರಾ ಇದ್ರಲ್ಲಿ?" ಎಂದು ಕೇಳಿದೆ.

ಅವನು ಗಂಭೀರವಾಗಿ ಯೋಚಿಸಿದ. "ಒಂಬತ್ತನೇ ಜಟ್ಟಿ ಒಬ್ಬ ಬಚ್ಚಿಟ್ಕೊಂಡವ್ನೆ ಅಂತಾರೆ ಅಕ್ಕ. ಚಿಂತಾಮಣಿಲಿ ಒಬ್ರು ನೋಡವ್ರಂತೆ. ಒಂದೂ ಏಟು ತಿನ್ನದೆ ಮಿಕ್ಕ ಏಳೂ ಜನನ್ನ ಹೊಡೆದ್ರೆ ಅವ್ನು ಬರ್ತಾನಂತೆ."

"ಹಂಗಾದ್ರೆ ಹೊಡಿಯಪ್ಪ" ಎಂದೆ. ಅಣ್ಣ ಅವನಿಗೆ ಪುಕ್ಕಟೆ ಆಡಲು ಬಿಟ್ಟ. ಅವನು ದಿನಾ ಆಡಿದ. ಏಳನೆಯವನವರೆಗೆ ಹೋಗಿ ಏಟು ತಿನ್ನುತ್ತಿದ್ದ. ಹಲಗೆಯ ಈ ಕಡೆ ಅಮ್ಮನ "ಉವ್ರೇ" ದಿನಕ್ಕೆ ಎರಡು ಸಲ ಇದ್ದದ್ದು ಹತ್ತಾಯಿತು, ಇಪ್ಪತ್ತಾಯಿತು. ನಾನು ಒಳಗೆ ಕಾಲಿಡುವುದನ್ನೇ ಕಾದಿದ್ದು ಹೇಳುತ್ತಿದ್ದಳು. "ಹುಡುಕ್ತಾ ಇದೀವಿ ಇರಮ್ಮ" ಅನ್ನುತ್ತಿದ್ದೆ. ಅವಳು ಅಳುತ್ತಿದ್ದಳು. ಸಮಾಧಾನ ಮಾಡಲು ನಾನು ಹಳೆಯ ಹೆಸರುಗಳನ್ನು ಹೇಳುತ್ತಿದ್ದೆ: ಮಾರ್ಟೋ, ಕೋರ್ಬೋ. ಅಳುತ್ತಲೇ ಅವಳು ಮಂಚ ಕುಟ್ಟುತ್ತಿದ್ದಳು, ಅಳುತ್ತಲೇ ಕಾಗೆಯ ಹಾಗೆ ಕೂಗುತ್ತಿದ್ದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಗೆ ನಮ್ಮ ಮನೆಗಿಂತ ಬೇರೆ ಮನೆ ಬೇಕಿಲ್ಲ.

ನಿದ್ದೆ ಬಿಟ್ಟಳು. ಗಂಜಿ ಕಡಿಮೆಯಾಯಿತು. ಬೆನ್ನಲ್ಲಿ ಹುಣ್ಣಾಯಿತು. ಆ ಕೋಣೆಯ ವಾಸನೆಗೆ ನನಗೇ ವಾಕರಿಕೆ ಬರುತ್ತಿತ್ತು. ದಿಕ್ಕು ತೋಚದೆ ನಾನು ಯಾನಂನಲ್ಲಿದ್ದ ಸೋದರಮಾವನಿಗೆ, ಅಂದರೆ ಅಮ್ಮನ ಅಣ್ಣನಿಗೆ, ಕಾಗದ ಬರೆದೆ. ಅವರೂ ಅದೇ ಊರಲ್ಲಿ ಫ್ರೆಂಚ್ ಓದಿದವರು. "ಅಮ್ಮ ಒಂದು ಪದ ಹೇಳುತ್ತಾಳೆ, ಆಟದ ಹೆಸರಿರಬೇಕು, ನಿಮಗೇನಾದರೂ ಗೊತ್ತಾಗಬಹುದು" ಎಂದು ಬರೆದಿದ್ದೆ. ಆ ಪದವನ್ನು ಕಾಗದದಲ್ಲಿ ಬರೆಯುವುದನ್ನೇ ಮರೆತಿದ್ದೆ. ನನ್ನ ಬುದ್ಧಿ ಆಗ ಆ ಸ್ಥಿತಿಯಲ್ಲಿತ್ತು.

ಮಾವ ರೈಲು, ಬಸ್ಸು ಹಿಡಿದು ಬಂದದ್ದು ಪಥ್ಯದ ನಲವತ್ತಮೂರನೆಯ ದಿನ, ಮಧ್ಯಾಹ್ನ. ಕೈಯಲ್ಲಿ ಒಂದು ಚೀಲ, ಬೆವರಿಗೆ ಬೆನ್ನಿಗಂಟಿದ ಅಂಗಿ. ಅಪ್ಪ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತು "ಇನ್ನು ಐದೇ ದಿನ ಬಾವ, ಆಮೇಲೆ ನೋಡಿದ್ರಾಯ್ತು. ಗಾಳಿ ಹೋಗುತ್ತೆ" ಎಂದು ಬೇಡಿಕೊಂಡರು. ಮಾವ ಅವರ ಹೆಗಲು ಹಿಡಿದು ಪಕ್ಕಕ್ಕೆ ಸರಿಸಿ ಒಳಗೆ ಬಂದರು. ನಾನು ಹಿಂದಿನಿಂದ ಬಂದು ಬಾಗಿಲು ಮುಚ್ಚಿಕೊಂಡೆ.

ಅಮ್ಮ ಜೀರೋ ಬಲ್ಬಿನ ಬೆಳಕಲ್ಲಿ ಮಾವನ ಮುಖವನ್ನು ನೋಡಿದಳು. ಗುರುತು ಹಿಡಿದಳೋ ಇಲ್ಲವೋ ತಿಳಿಯಲಿಲ್ಲ. ಎಡಗೈ ಎತ್ತಿ "ಉವ್ರೇ" ಎಂದಳು.

ಮಾವ ಚೀಲವನ್ನು ಕೈಯಿಂದ ಬಿಟ್ಟರು. ಹಲಗೆ ಇದ್ದ ಕಡೆಗೇ ನಡೆದರು. ಆದರೆ ಹಲಗೆಯ ಹತ್ತಿರ ಹೋಗಲಿಲ್ಲ, ಅದರ ಪಕ್ಕದಲ್ಲಿ ಗೋಣಿ ಬಡಿದಿದ್ದ ಕಿಟಕಿಗೆ ಹೋದರು. ಅಲ್ಲೊಂದು ಕಿಟಕಿ ಇದೆ ಅನ್ನುವುದನ್ನೇ ನಾನು ಮರೆತಿದ್ದೆ. ಗೋಣಿ ಹೊಡೆದ ಮೇಲೆ ಅದು ನನ್ನ ಕಣ್ಣಿಗೆ ಬರೀ ಗೋಡೆ. ಮಾವ ಎರಡೂ ಕೈಯಿಂದ ಗೋಣಿ ಹರಿದೆಳೆದರು. ಮೊಳೆ ಬಿಡಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಸೊಪ್ಪು ಕಡಿಯುವ ಮಚ್ಚು ತೆಗೆದು ಕಿಟಕಿಯ ಬಾಗಿಲಿನ ಸಂದಿಗೆ ತೂರಿಸಿ ಮೀಟಿದರು. ಅಪ್ಪ ಒಳಗೆ ನುಗ್ಗಿ "ಏನ್ಮಾಡ್ತಾ ಇದೀರಾ, ಸಾಯಿಸ್ತೀರಾ ಅವಳ್ನ?" ಎಂದು ಕೂಗಿದರು. ಆಚೆ ಮೆಷಿನ್ನಿನ ಸದ್ದು ನಿಂತು ಹುಡುಗರೆಲ್ಲ ಹಲಗೆಗೆ ಕಿವಿಗೊಟ್ಟರು. ಮೂರನೆಯ ಸಲ ಮೀಟಿದಾಗ ಕಿಟಕಿಯ ಬಾಗಿಲು ಸೀಳಿಕೊಂಡು ಹೊರಗೆ ಬಿತ್ತು.

ಬೆಳಕು ಮಂಚದವರೆಗೂ ಬಂತು. ಅಮ್ಮ ಕಣ್ಣು ಮುಚ್ಚಿಕೊಂಡಳು, ಬಾಯಿ ತೆರೆದು ಉದ್ದಕ್ಕೆ ಉಸಿರೆಳೆದುಕೊಂಡಳು. ನೀರು ಕುಡಿಯುವವರ ಹಾಗೆ, ಮತ್ತೆ ಮತ್ತೆ. ಆ ಬೆಳಕಿನಲ್ಲಿ ಅವಳು ಎಷ್ಟು ಬಡವಾ‌ಗಿದ್ದಳೆಂದು ನಾನೂ ಅಪ್ಪನೂ ಅವತ್ತೇ ನೋಡಿದ್ದು.

ಮಾವ ಮಂಚದ ಮೇಲೆ ಕೂತರು. ಅವರ ಅಂಗೈಯಿಂದ ರಕ್ತ ಬರುತ್ತಿತ್ತು. "ತೆರೀರಿ ಅಂತಿದಾಳೆ" ಎಂದರು, ತೆಲುಗಿನಲ್ಲಿ. "ನಮ್ಮ ಶಾಲೆಯಲ್ಲಿ ಸಿಸ್ಟರ್ ತರಗತಿಗೆಲ್ಲ ದಿನಾ ಹೇಳುತ್ತಿದ್ದ ಮಾತು. ಪುಸ್ತಕ ತೆರೀರಿ, ಕಿಟಕಿ ತೆರೀರಿ. ಒಬ್ಬರಿಗೇ ಹೇಳುವುದಾದರೆ ಮನೆಯವರಿಗೆ ಹೇಳೋ ಮಾತಲ್ಲ ಇದು. ಗುರುತಿಲ್ಲದವರನ್ನ, ದೊಡ್ಡವರನ್ನ ಬೇಡಿಕೊಳ್ಳುವಾಗ ಹೀಗನ್ನುತ್ತಾರೆ." ಆಮೇಲೆ ನನ್ನ ಕಡೆ ತಿರುಗಿ "ಎನ್ನಾಳ್ಳನುಂಚಿ ಇಲಾ ಅಂಟೋಂದಿ?" ಎಂದು ಕೇಳಿದರು. ಎಷ್ಟು ದಿನದಿಂದ ಹೀಗನ್ನುತ್ತಿದ್ದಾಳೆ ಎಂದು.

ಹದಿನೈದು ದಿನವಾಗಿತ್ತು. ಫ್ರೆಂಚಿನಲ್ಲಿ ಆ ಪದ ಶುರುವಾಗುವುದು ಓ ಅಕ್ಷರದಿಂದ ಎಂದು ನನಗೆ ಆಮೇಲೆ ತಿಳಿಯಿತು. ಅಪ್ಪ ಹೊಸಿಲ ಮೇಲೆ ಕೂತು ತಲೆ ಚಚ್ಚಿಕೊಳ್ಳತೊಡಗಿದರು. ಅವರನ್ನು ಸಮಾಧಾನ ಮಾಡಲು ಯಾರೂ ಹೋಗಲಿಲ್ಲ.

ಅದೇ ಸಂಜೆ ಅಮ್ಮನನ್ನು ಹಜಾರಕ್ಕೆ ತಂದೆವು. ಮತ್ತೆ ಆಸ್ಪತ್ರೆಗೆ ಕರೆದೊಯ್ದೆವು. ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು. ಅಣ್ಣ ಯಾರಿಗೂ ಹೇಳದೆ ಮೆಷಿನ್ನನ್ನು ಗೌರಿಬಿದನೂರಿನವರಿಗೆ ಕೊಟ್ಟು ಬಂದು ಹಲಗೆಯನ್ನು ಒಡೆದು ಸೌದೆ ಮಾಡಿದ. ನಾನು ಒಂದು ಸಲ, ಒಂದೇ ಸಲ, ಅಮ್ಮನ ಹತ್ತಿರ ಕೂತು "ಕೋರ್ಬೋ" ಎಂದು ನೋಡಿದೆ. ಅವಳು ಮುಖ ಆಚೆ ತಿರುಗಿಸಿಕೊಂಡಳು. ಆಮೇಲೆ ಫ್ರೆಂಚಿನ ಒಂದು ಪದವೂ ಅವಳ ಬಾಯಿಂದ ಬರಲಿಲ್ಲ.

ಎರಡು ವರ್ಷ ಕಳೆಯುವ ಹೊತ್ತಿಗೆ ನಮ್ಮ ಮಾತು ತುಂಡು ತುಂಡಾಗಿ ಮರಳಿ ಬಂತು. ಮೊದಲು ತೆಲುಗು, ಆಮೇಲೆ ಕನ್ನಡ. ನನ್ನ ಹೆಸರು ಹೇಳಿದಳು, ಅಣ್ಣನನ್ನು ಬೈದಳು, ಸಾರಿಗೆ ಉಪ್ಪು ಹೆಚ್ಚಾಯಿತು ಅಂದಳು. ನಾನು ಆಸೆಪಟ್ಟದ್ದೆಲ್ಲ ಆಯಿತು. ಆದರೂ ನನಗೊಂದು ಸಮಾಧಾನ ಬೇಕಾಗಿತ್ತು. ಅಷ್ಟು ದಿನ ಕತ್ತಲಲ್ಲಿ ಇಟ್ಟರೂ ನನ್ನ ಹೆಸರಿನ ಆಟದಿಂದ ಅವಳಿಗೆ ಸ್ವಲ್ಪವಾದರೂ ಸಂತೋಷವಾಗಿತ್ತು ಎಂದು ಅವಳ ಬಾಯಿಂದಲೇ ಕೇಳಬೇಕಿತ್ತು. ಒಂದು ಮಧ್ಯಾಹ್ನ ಜಗುಲಿಯಲ್ಲಿ ಅವಳ ತಲೆ ಬಾಚುತ್ತಾ ಕೇಳಿಯೇಬಿಟ್ಟೆ.

"ಅಮ್ಮ, ಆಗ ನಾನು ಹೆಸ್ರು ಹೇಳ್ತಿದ್ದೆ, ನೀನು ಅರ್ಥ ತೋರಿಸ್ತಿದ್ದೆ, ನೆನಪೈತಾ? ನಿಂಗೆ ಚೆನ್ನಾಗಿತ್ತಾ ಅದು?"

ಅವಳು ಎಡಗೈಯಿಂದ ನನ್ನ ಬಾಚಣಿಗೆಯನ್ನು ಪಕ್ಕಕ್ಕೆ ಸರಿಸಿದಳು.

"ಇಲ್ಲ" ಎಂದಳು.

"ಮತ್ಯಾಕಮ್ಮ ಪ್ರತಿಸಲಾನೂ ಉತ್ರ ಹೇಳ್ತಿದ್ದೆ?"

"ಎಲ್ಲಾನೂ... ಸರಿಯಾಗ್ ಹೇಳಿದ್ರೆ," ಎಂದಳು ಅಮ್ಮ, "ಹೊರಗ್ ಬಿಡ್ತೀರ ಅನ್ಕಂಡೆ."